ಹೊತ್ತು ಮುಳುಗಿದ ಮೇಲಿನ ಚಪಾತಿ

ಕಾಲುವೆಯ ಏರಿಯ ಮೇಲೆ ಮೊದಲ ಸಲ ಎದುರಾದಾಗ ಉಜ್ವಲಾ ಸುಜಯನನ್ನು ನೋಡಲಿಲ್ಲ, ಅವನ ಸೈಕಲ್ಲನ್ನು ನೋಡಿದಳು. ಮುಂದಿನ ಗಾಲಿ ಕಿತ್ತ ಸಣ್ಣ ಸೈಕಲ್ಲೊಂದನ್ನು ಉಗಾರದ ವೆಲ್ಡರ್ ಕಾಮಣ್ಣ ಅದರ ಬೆನ್ನಿಗೆ ಜೋಡಿಸಿದ್ದ. ಅದರ ಮೇಲೆ ಸುಜಯನ ಮಗಳು ಬ್ರಾಹ್ಮಿ. ತುಳಿಯಲು ಪೆಡಲ್ ಇತ್ತು, ಬಾರಿಸಲು ಗಂಟೆ ಇತ್ತು, ಹ್ಯಾಂಡಲ್ ಮಾತ್ರ ತಿರುಗುತ್ತಿರಲಿಲ್ಲ.

“ಕೂಸಿನ ಹೆಲ್ಮೆಟ್ ಎಲ್ಲೈತ್ರಿ?”

“ಮನ್ಯಾಗೈತ್ರಿ.”

“ಯಾಕ, ಮನಿ ಬೀಳ್ತೈತೇನ್ರಿ?”

ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ರಸದ ಸಿಹಿ ಅಳೆಯುವ ಸುಜಯ, ಹೆಂಡತಿ ತೀರಿಕೊಂಡ ಮೇಲೆ ಮಾತನ್ನೂ ಅಳೆದೇ ಆಡುತ್ತಿದ್ದ. ಅಂದು ಅವಳೊಡನೆ ಮಾತಾಡುತ್ತ ಅಳತೆ ತಪ್ಪಿತು. ಶೇಡಬಾಳದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದ ಅವಳು ಆಮೇಲೆ ಪ್ರತಿ ರವಿವಾರ ಕಬ್ಬಿನ ನಡುವಿನ ಕಚ್ಚಾ ದಾರಿಯಲ್ಲಿ ತನ್ನ ಸೈಕಲ್ ಮೇಲೆ ಜೊತೆಗೇ ಬಂದಳು. ಕೂಸಿನ ಕಾಳಜಿಗಂತೆ. ಆದರೆ ತಗ್ಗು ಬಂದಾಗಲೆಲ್ಲ ಅವಳ ಕಣ್ಣು ಕೂಸನ್ನು ದಾಟಿ ಅವನ ಬೆನ್ನ ಮೇಲೆ ನಿಲ್ಲುತ್ತಿತ್ತು. ಅವನು ತಿರುಗಿದರೆ, ತಕ್ಷಣ ಕಬ್ಬು ನೋಡುತ್ತಿದ್ದಳು.

ಈ ರವಿವಾರ ಅವಳು ಹವಾಮಾನ ಹೇಳಿದಂತೆ ಹೇಳಿದಳು: “ನಾಳೆ ನಿಪ್ಪಾಣಿಯವರು ನನ್ನ ನೋಡಾಕ ಬರ್ತಾರ.”

“ಚಲೋ ಆತ್ರಿ,” ಎಂದ ಸುಜಯ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಸ್ವಲ್ಪ ದೂರದಲ್ಲೇ ಜಾಲಿಮುಳ್ಳು ಸುಜಯನ ಸೈಕಲ್ಲಿನ ಹಿಂದಿನ ಗಾಲಿಗೆ ಹೊಕ್ಕಿತು.

“ಪಪ್ಪಾ, ನಾ ತುಳ್ಯಾಕತ್ತೇನಿ, ಹೋಗವಲ್ದು!”

ನನ್ನದೂ ಅದೇ ಸ್ಥಿತಿ ಎಂದುಕೊಂಡ ಸುಜಯ.

ಸೂರ್ಯ ಕಬ್ಬಿನ ತುದಿಗಿಳಿದಿದ್ದ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದು, ಈರುಳ್ಳಿ ಮುಟ್ಟಬಾರದು ಎಂಬುದು ಸುಜಯನ ಜೈನ ಮನೆಯ ನೇಮ. ಉಜ್ವಲಾ ಅವಸರದಲ್ಲಿ ಡಬ್ಬಿ ಬಿಚ್ಚಿ ಬ್ರಾಹ್ಮಿಗೆ ಚಪಾತಿ, ಹೆಸರುಕಾಳಿನ ಪಲ್ಯ ತಿನ್ನಿಸಿದಳು. ಸುಜಯ ಟ್ಯೂಬಿಗೆ ಪ್ಯಾಚ್ ಹಚ್ಚಿದ, ಅದು ಹಿಡಿಯಲಿಲ್ಲ. ಕೈ ಒರೆಸಿಕೊಂಡು ತಲೆ ಎತ್ತುವಷ್ಟರಲ್ಲಿ ಸೂರ್ಯನಿರಲಿಲ್ಲ.

“ನನ್ನ ಊಟದ ಹೊತ್ತು ಹೋತು. ಉಳಿದ ಚಪಾತಿ ನೀವರ ತಿನ್ರಿ. ನಿಮಗೇನ ನೇಮ ಇಲ್ಲಲ್ಲ.”

“ಬ್ಯಾಡ್ರಿ. ಹೊತ್ತ ಮುಳುಗೇತಿ.”

“ನಿಮ್ಮ ಮನ್ಯಾಗ ರಾತ್ರಿ ಉಣ್ತೀರಲ್ರಿ?”

“ಅವರು ಉಣ್ತಾರ. ನಾ ಶ್ರಾವಣದಿಂದ ಬಿಟ್ಟೇನಿ.”

“ಯಾಕ್ರಿ?”

ಅವಳು ಡಬ್ಬಿಯ ಮುಚ್ಚಳವನ್ನು ಒತ್ತಿದಳು, ತೆಗೆದಳು, ಮತ್ತೆ ಒತ್ತಿದಳು. “ರೂಢಿ ಆಗಲಿ ಅಂತ.”

ಸುಜಯನ ಕೈಯಲ್ಲಿದ್ದ ಪಂಪು ಗಾಳಿಯಿಲ್ಲದ ಗಾಲಿಯ ಪಕ್ಕದಲ್ಲಿ ಬಿತ್ತು.

“ನಿಮ್ಮವ್ವ ಏನಂತಾಳ?”

“ಗ್ಯಾಸ್ ಟ್ರಬಲ್ ಅಂತ ತಿಳದಾಳ.” ಕಣ್ಣು ತುಂಬಿದ್ದರೂ ನಕ್ಕಳು. “ಉಳ್ಳಾಗಡ್ಡಿ ಮಾತ್ರ ಬಿಡಾಕ ಆಗವಲ್ದ್ರಿ. ಭಾಳ ಪ್ರಯತ್ನ ಮಾಡೇನಿ.”

“ನಮ್ಮ ಆಯಿ ಒಪ್ಪಂಗಿಲ್ಲ, ಉಜ್ವಲಾ.” ಅವಳನ್ನು ಅವನು ಮೊದಲ ಸಲ ಹೆಸರು ಹಿಡಿದು ಕರೆದಿದ್ದ.

“ನಮ್ಮಪ್ಪನೂ ಒಪ್ಪಂಗಿಲ್ಲ.”

“ಮತ್ತ?”

“ನಿಪ್ಪಾಣಿಯವರು ಮಧ್ಯಾಹ್ನಕ್ಕ ಬರ್ತಾರ. ನೀವು ಅದಕ್ಕ ಮೊದಲ ಬರ್ರಿ.”

“ಬರ್ತೇನಿ.” ಅಳೆಯದೇ ಬಂದ ಮಾತು.

“ಬರುವಾಗ ಹೆಲ್ಮೆಟ್ ಮನ್ಯಾಗ ಬಿಡಬ್ಯಾಡ್ರಿ. ಅಪ್ಪನ ಕೈಯಾಗ ಬಡಿಗಿ ಇರ್ತೈತಿ.”

ಇಬ್ಬರೂ ಹಸಿದ ಹೊಟ್ಟೆಯಲ್ಲಿ ಸೈಕಲ್ ತಳ್ಳುತ್ತ ನಡೆದರು. ಡಬ್ಬಿಯಲ್ಲಿ ಚಪಾತಿ ಹಾಗೇ ಇತ್ತು. ಹಿಂದೆ ಬ್ರಾಹ್ಮಿ, ಹೊಟ್ಟೆ ತುಂಬಿದ ಸಡಗರದಲ್ಲಿ, ಊರು ಬರುವತನಕ ಗಂಟೆ ಬಾರಿಸುತ್ತಲೇ ಇದ್ದಳು.