ಸಾರ್ಡಾನಿಕ್ ನಗು

ನಿಘಂಟು ಕಚೇರಿಯ ಪ್ರಧಾನ ಸಂಪಾದಕರು ಕುರ್ಚಿಯಲ್ಲೇ ಸತ್ತಿದ್ದರು. ಅದೂ ನಗುತ್ತಾ!

ಇನ್‌ಸ್ಪೆಕ್ಟರ್ ಮೇಡಂ ಬಗ್ಗಿ ಆ ಮುಖ ನೋಡಿದರು. ಎಷ್ಟೋ ಹೆಣ ಕಂಡವರು ಅವರು. ಹಲ್ಲು ಕಿರಿದು ಗೇಲಿ ಮಾಡುವ ಹೆಣವನ್ನು ಮಾತ್ರ ಕಂಡಿರಲಿಲ್ಲ.

ಮೇಜಿನ ಮೇಲೆ ಅರ್ಧ ಖಾಲಿಯಾದ ಊಟದ ಡಬ್ಬಿ. ತಂದುಕೊಟ್ಟವಳು ಮಗಳು. ಬೆಳಿಗ್ಗೆ ಮದುವೆಯ ಮಾತಿಗೆ ಅಪ್ಪ-ಮಗಳ ಜಟಾಪಟಿ ಅಕ್ಕಪಕ್ಕದವರಿಗೆಲ್ಲ ಕೇಳಿಸಿತ್ತು.

"ನಾನೇನೂ ಮಾಡಿಲ್ಲ ಮೇಡಂ..." ಎಂದಳು ಹುಡುಗಿ.

"ಈ ನಗುವಿಗೆ ಇಂಗ್ಲಿಷ್‌ನಲ್ಲಿ ಸಾರ್ಡಾನಿಕ್ ಅಂತಾರೆ," ಎಂದರು ಉಪಸಂಪಾದಕರು. ಯಾರ ಮಾತನ್ನೂ ತಿದ್ದದೆ ಬಿಡದ ಚಟಕ್ಕೆ ಕಚೇರಿಯವರು ಅವರಿಗಿಟ್ಟ ಹೆಸರು 'ತಿದ್ದುಪಡಿ ಮೇಷ್ಟ್ರು'.

"ಅಂದ್ರೆ ವ್ಯಂಗ್ಯ?"

"ಬರೀ ವ್ಯಂಗ್ಯ ಅಲ್ಲ. ತಿರಸ್ಕಾರ ಬೆರೆತು ಚುಚ್ಚೋ ವ್ಯಂಗ್ಯ. ಸೋತು ಬಂದವನನ್ನ ನೋಡಿ 'ಮುಗೀತಾ ನಿನ್ನ ಶೌರ್ಯ?' ಅಂತ ತುಟಿ ಓರೆ ಮಾಡ್ತಾರಲ್ಲ, ಅದು ಸಾರ್ಡಾನಿಕ್ ನಗು. ಸಾರ್ಡೀನಿಯಾ ಅನ್ನೋ ದ್ವೀಪದಿಂದ ಬಂದ ಪದ ಅಂತಾರೆ. ಅಲ್ಲೊಂದು ವಿಷದ ಗಿಡ. ತಿಂದವರ ಮುಖ ಸೆಟೆದು, ನಗ್ತಿರೋ ಹಾಗೇ ಸಾಯ್ತಿದ್ರಂತೆ."

ಮೇಡಂ ಡಬ್ಬಿಯನ್ನು ಪರೀಕ್ಷೆಗೆ ಕಳಿಸಿದರು.

*

ಡಾಕ್ಟರ ಫೋನು ಬಂತು. ಡಬ್ಬಿಯ ತರಕಾರಿಯಲ್ಲಿ ಅದೇ ಜಾತಿಯ ಗಿಡದ ಬೇರಿನ ಚೂರುಗಳಿದ್ದವು. ಮೇಡಂ ಕಚೇರಿಯ ಪುಸ್ತಕಗಳನ್ನೆಲ್ಲ ತಿರುವಿ ಹಾಕಿ, ಎಲ್ಲರನ್ನೂ ಒಟ್ಟಿಗೆ ಕರೆದರು.

"ಇದು ಮಗಳದೇ ಕೆಲಸ. ಆ ಗಿಡ ಕಹಿ. ಕಹಿ ಗೊತ್ತಾಗಬಾರದು ಅಂತ ಖಾರ ಸುರಿದಿದಾಳೆ."

ಹುಡುಗಿ ಕುಸಿದು ಕೂತಳು.

"ಕಹಿ ಅಲ್ಲ, ಸಿಹಿ," ಎಂದುಬಿಟ್ಟರು ಮೇಷ್ಟ್ರು.

ಮೇಡಂ ಅವರತ್ತ ತಿರುಗಿದರು. ಮೇಷ್ಟ್ರ ಮುಖದಲ್ಲಿ ರಕ್ತ ಇಂಗಿತು.

"ಇಲ್ಲಿರೋ ಪುಸ್ತಕಗಳೆಲ್ಲ ಕಹಿ ಅಂತಲೇ ಹೇಳ್ತವೆ ಮೇಷ್ಟ್ರೇ. ಡಾಕ್ಟರು ಮಾತ್ರ ಸಿಹಿ ಅಂದ್ರು, ಅದೂ ನನ್ನ ಕಿವಿಗೆ. ನಿಮಗೆ ಹೇಗೆ ಗೊತ್ತಾಯ್ತು?"

"ಪುಸ್ತಕ ತಪ್ಪು," ಮೇಷ್ಟ್ರು ಗೊಣಗಿದರು. "ನಾನೇ ಒಂದು ಚೂರು ನೆಕ್ಕಿ ನೋಡಿದ್ದೆ."

"ಡಬ್ಬಿ ಬೆಳಿಗ್ಗೆಯಿಂದ ನಿಮ್ಮ ಪಕ್ಕದ ಕಪಾಟಿನಲ್ಲೇ ಇತ್ತು. ಬೆರೆಸೋದು ಎಷ್ಟೊತ್ತಿನ ಕೆಲಸ? ಆದ್ರೆ ಸಾಕ್ಷಿ ಇರಲಿಲ್ಲ. ಅದಕ್ಕೇ ಒಂದು ತಪ್ಪು ಹೇಳಿ ಗಾಳ ಹಾಕಿದೆ. ತಪ್ಪು ಕೇಳಿಸಿಕೊಂಡು ಸುಮ್ಮನಿರೋ ಜೀವ ನಿಮ್ಮದಲ್ಲ."

"ಜೀವಮಾನ ಇಡೀ ಈ ನಿಘಂಟಿಗೆ ಜೀತ ಮಾಡಿದೆ. ಕೊನೆಗೆ ಆ ಸಂಪಾದಕ ಮುಖಪುಟದಿಂದ ನನ್ನ ಹೆಸರನ್ನೇ ಕಿತ್ತು ಹಾಕಿದ!"

ಪೇದೆಗಳು ಮೇಷ್ಟ್ರ ತೋಳು ಹಿಡಿದರು. ಮೇಡಂ ಹುಡುಗಿಯ ಪಕ್ಕ ನೆಲದ ಮೇಲೇ ಕೂತರು.

"ನಿನ್ನ ಎದೆ ಒಡೆಯೋ ಮಾತಾಡಿದೆ. ತಪ್ಪಾಯ್ತಮ್ಮ."

ಹುಡುಗಿ ಅದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ಸಾಯೋವಾಗ ಅಪ್ಪಂಗೆ ತುಂಬಾ ನೋವಾಯ್ತಾ ಮೇಡಂ?"

"ಇಲ್ಲಮ್ಮ," ಎಂದು ಮೇಡಂ ಸುಳ್ಳು ಹೇಳಿದರು.