ಗೇಟಿನಲ್ಲಿ ಆಡಿದ ಮಾತು

"ಹೋಗುವಾಗ ಬಾಯಿ ಬಿಡಬೇಡ ಮಗು. ಬೈ ಅನ್ನಬೇಡ, ಮತ್ತೆ ಸಿಗ್ತೀನಿ ಅನ್ನಬೇಡ. ಸುಮ್ಮನೆ ಗೇಟು ದಾಟು. ಹಿಂತಿರುಗಿ ನೋಡಬೇಡ."

ಮಿಸ್ ಅರ್ಲೀನ್ ತಮ್ಮ ಇಂಗ್ಲಿಷಿನಲ್ಲಿ ಇಷ್ಟು ಹೇಳಿ ಕೋಲೂರಿ ನಿಂತರು. ಎಂಬತ್ತು ದಾಟಿದ ಕಪ್ಪು ಮುದುಕಿ. ಡೆಟ್ರಾಯಿಟಿನ ಹತ್ತಿರದ ವಿಕ್ಸಮ್ ಊರಿನ ಕಾರ್ಖಾನೆ ಶೆಡ್ಡುಗಳ ಹಿಂದೆ ಉಳಿದುಕೊಂಡಿದ್ದ ಆ ಮೂರೆಕರೆ ಸ್ಮಶಾನವನ್ನು ನಲವತ್ತು ವರ್ಷದಿಂದ ಕಾಯುತ್ತಿದ್ದವರು. ಆಫ್ರಿಕಾದಿಂದ ಹಿಡಿದು ತಂದು ಗುಲಾಮರನ್ನಾಗಿಸಿದ ಜನ ಇನ್ನೂರು ವರ್ಷದಿಂದ ಅಲ್ಲಿ ಮಲಗಿದ್ದಾರೆ. ಕಲ್ಲುಗಳ ಮೇಲೆ ಹೆಸರಿಲ್ಲ. ಒಂದೊಂದು ಗೋರಿಯ ಮೇಲೂ ಒಡೆದ ಬಟ್ಟಲು, ಬೋರಲು ಹಾಕಿದ ತಟ್ಟೆ. ಸತ್ತವರು ಕೊನೆಗೆ ಮುಟ್ಟಿದ ಪಾತ್ರೆಯನ್ನು ಒಡೆದು ಇಡುವುದು ಅವರ ಪದ್ಧತಿ. ಅಲ್ಲಿ ಈಗ ಸ್ಮಾರಕ ಮ್ಯೂಸಿಯಂ ಬರಲಿತ್ತು. ಅದರ ನಕ್ಷೆ ಬರೆಯುವ ಕೆಲಸಕ್ಕೆಂದೇ ದೂರದ ಸ್ಕೋಕಿಯಿಂದ ಪಕ್ಕದೂರು ನಾರ್ತ್‌ವಿಲ್‌ಗೆ ಹೆಂಡತಿ ಮಗಳ ಸಮೇತ ಮನೆ ಬದಲಿಸಿದ್ದ ಆರ್ಕಿಟೆಕ್ಟ್ ದೇವೇಂದ್ರ.

ದೇವೇಂದ್ರ ನಕ್ಕ. "ಮಿಸ್ ಅರ್ಲೀನ್, ನಮ್ಮ ಮೈಸೂರ್ ಕಡೆ ಇಂಥ ಕತೆ ಮರಕ್ಕೊಂದು ಇದೆ. ಎಲ್ಲಾ ನಂಬಿದ್ರೆ ನಾನು ಮನೆಯಿಂದ ಆಚೆ ಕಾಲೇ ಇಡ್ತಿರ್ಲಿಲ್ಲ."

ಮುದುಕಿ ನಗಲಿಲ್ಲ. ತುಕ್ಕು ಹಿಡಿದ ಕಬ್ಬಿಣದ ಗೇಟಿನ ಕಂಬವನ್ನು ಕೋಲಿನಿಂದ ಮುಟ್ಟಿ ತೋರಿಸಿದರು. ಫೀಬಿ ಎಂಬ ತಾಯಿಯ ಕತೆ ಅದು. ಅವಳ ಆರು ವರ್ಷದ ಮಗಳನ್ನು ಯಜಮಾನ ಒಂದು ಬೆಳಗ್ಗೆ ಗಾಡಿಗೆ ಹತ್ತಿಸಿಕೊಂಡ. 'ಸಂಜೆಗೆ ಬರ್ತೀವಿ' ಎಂದು ಇದೇ ಗೇಟಿನಲ್ಲಿ ಹೇಳಿ ಹೋಗಿ ಡೆಟ್ರಾಯಿಟಿನಲ್ಲಿ ಮಾರಿಬಿಟ್ಟ. ಫೀಬಿ ಮೂರು ಸಂಜೆ ಗೇಟು ಹಿಡಿದು ನಿಂತಳು. ಮೂರನೆಯ ಸಂಜೆ ಮಗಳ ಕೂದಲನ್ನು ಮೂರು ಮೊಳೆಗೆ ಸುತ್ತಿ ಈ ಕಂಬದ ಬುಡದಲ್ಲಿ ಹೂತು, ಮಾತೊಂದನ್ನು ಆಡಿ ಪ್ರಾಣ ಬಿಟ್ಟಳು. 'ಈ ಗೇಟಿನಲ್ಲಿ ಬರುತ್ತೇನೆ ಎಂದು ಹೇಳಿ ಯಾರು ಬರುವುದಿಲ್ಲವೋ, ಮೂರನೆಯ ಸಂಜೆ ಅವರ ಮನೆಯ ಕೂಸು ನನ್ನ ಕೈ ಹಿಡಿದು ಬರಲಿ.'

"ಪಾಪ," ಎಂದ ದೇವೇಂದ್ರ. ಪಾಪ ಅನಿಸಿದ್ದು ನಿಜವೇ. ಆದರೆ ಗಡಿಯಾರ ನೋಡಿಕೊಳ್ಳುತ್ತಾ ಅಂದ.

"ಇನ್ನೊಂದು ಮಾತು," ಎಂದರು ಮಿಸ್ ಅರ್ಲೀನ್. "ಬೇಲಿ ಆಚೆ ಹುಲ್ಲಿನ ಅಡಿಯಲ್ಲೂ ನಮ್ಮವರು ಇದ್ದಾರೆ. ಚಿಕ್ಕ ಮಕ್ಕಳು. ಗುರುತು ಹಾಕದೆ ನಕ್ಷೆ ಮುಗಿಸಬೇಡ."

"ನಾಳೆನೇ ನೆಲದಡಿ ನೋಡೋ ರೇಡಾರ್ ತರಿಸಿ ನೋಡೋಣ," ಎಂದು ದೇವೇಂದ್ರ ಹೊರಟ. ಗೇಟು ದಾಟಿದ. ಅಲ್ಲಿ ಅವನಿಗೆ ಚೇಷ್ಟೆ ಹತ್ತಿತು. ತಿರುಗಿ ನಿಂತು, ಕಲ್ಲುಗಳ ಕಡೆಗೆ ಕೈ ಮುಗಿದು, "ಬರ್ತೀನಮ್ಮಾ ಫೀಬಿ," ಎಂದ. ಇಲ್ಲಿ ಕನ್ನಡ ಯಾರಿಗೆ ಗೊತ್ತಾಗಬೇಕು?

ಗಾಳಿ ಇರಲಿಲ್ಲ. ಆದರೂ ಗೇಟಿನ ಚಿಲಕ ತಾನಾಗಿ ಎದ್ದು, ಬಿತ್ತು. ಟಕ್.

"ಏನಂದೆ?" ಮುದುಕಿಯ ದನಿ ಇಳಿದುಹೋಗಿತ್ತು.

"ಏನಿಲ್ಲ. ನಮ್ಮ ಭಾಷೆಲಿ ಬೈ ಅನ್ನೋದು ಹಾಗೇ."

"ಪದಕ್ಕೆ ಅರ್ಥ ಏನು?"

ಅವನು ಬಾಯಿ ತೆರೆದ. "ಬರ್ತೀನಿ ಅಂದ್ರೆ... ಐ ವಿಲ್ ಕಮ್."

"ಹಾಗಾದರೆ ನಾಳೆ ಬಾ," ಎಂದರು ಮಿಸ್ ಅರ್ಲೀನ್. "ಏನೇ ಆಗಲಿ, ಬಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವನ ತಾಯಿ ದಿನಕ್ಕೆರಡು ಸಲ ಹೇಳುತ್ತಿದ್ದರು. ಹೊರಡುವಾಗ 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು. ಸಾವಿನ ಮನೆಯಲ್ಲಿ, ಸ್ಮಶಾನದಲ್ಲಿ ಮಾತ್ರ ಅದನ್ನೂ ಅನ್ನದೆ ಸುಮ್ಮನೆ ಎದ್ದು ಬರಬೇಕು ಎಂದು ಕಲಿಸಿದವರೂ ಅವರೇ. ಮಗನಿಗೆ ಮೊದಲರ್ಧ ನೆನಪಿತ್ತು, ಉಳಿದರ್ಧ ನೆನಪಿರಲಿಲ್ಲ. ಆ ಮೊದಲರ್ಧವನ್ನೇ ಅವನು ಒಂದು ವರ್ಷದಿಂದ ಮಗಳು ಗಗನಾಳಿಗೆ ಕಲಿಸುತ್ತಿದ್ದ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಕೂಸು. ಮರುದಿನ, ಮಂಗಳವಾರ ಬೆಳಗ್ಗೆಯೂ ಬಾಗಿಲಲ್ಲಿ ಅದೇ ಪಾಠ ನಡೆಯಿತು.

"ಬೈ, ಅಪ್ಪಾ!"

"ಬೈ ಅಲ್ಲ ಪುಟ್ಟಿ. ಏನನ್ಬೇಕು?"

"ಬರ್-ಟೀನಿ."

"ಟೀ ಅಲ್ಲ ಕಣೇ, ತೀ. ನೀನು ಬರ್ತೀನಿ ಅಂದ್ರೆ ಮನೇಲಿರೋರು ಏನಂತಾರೆ?"

"ಹೂಂ, ಬಾ!" ಎಂದು ನಗುತ್ತಾ ಗಗನಾ ಸ್ಕೂಲ್ ಬಸ್ಸಿಗೆ ಓಡಿದಳು. ಅವಳ ನಗು ಕೇಳಿದರೆ ದೇವೇಂದ್ರನಿಗೆ ದಿನವಿಡೀ ಹೊಟ್ಟೆ ತುಂಬಿದ ಹಾಗೆ.

ಅಂದು ಅವನು ವಿಕ್ಸಮ್‌ಗೆ ಹೋಗಲಿಲ್ಲ. ರೇಡಾರಿನವರು ಮುಂದಿನ ವಾರ ಎಂದರು. ನಕ್ಷೆ ಕೊಡಬೇಕಾದದ್ದು ಗುರುವಾರ. ಬೇಲಿಯಾಚೆ ಹುಲ್ಲು ಬಿಟ್ಟರೆ ಇನ್ನೇನಿದೆ ಎಂದುಕೊಂಡು, ಅಲ್ಲಿ ನಲವತ್ತು ಕಾರಿನ ಪಾರ್ಕಿಂಗ್ ಎಳೆದ. ಮಿಸ್ ಅರ್ಲೀನ್ ಎರಡು ಸಲ ಫೋನ್ ಮಾಡಿದರು. ಅವನು ಎತ್ತಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುವಾಗ ಕೇಳಿಸಿತು. ಟಕ್. ಕಬ್ಬಿಣದ ಚಿಲಕ ಎದ್ದು ಬಿದ್ದ ಸದ್ದು. ಅವರ ಬಡಾವಣೆಯಲ್ಲಿ ಒಂದು ಮನೆಗೂ ಗೇಟಿಲ್ಲ.

ಬುಧವಾರ ಸಂಜೆ ಅವನ ಹೆಂಡತಿ ಭಾನುಪ್ರಿಯಾ ಮೂಗು ಮುಚ್ಚಿಕೊಂಡು ಮನೆಯೆಲ್ಲ ಹುಡುಕಿದಳು. "ಏನ್ರೀ ಇದು, ಅಗೆದ ಮಣ್ಣಿನ ವಾಸನೆ? ಒದ್ದೆ ಬೂದಿ ವಾಸನೆನೂ ಇದೆ. ನಿಮ್ಮ ಶೂ ತೊಳೆದ್ರಾ?" ತೊಳೆದು ಎರಡು ದಿನವಾಗಿತ್ತು. ವಾಸನೆ ಗಗನಾಳ ಕೋಣೆಯಲ್ಲೇ ಹೆಚ್ಚು. ಅವಳು ಕಿಟಕಿಗೆ ಮೂಗು ಒತ್ತಿ ನಿಂತಿದ್ದಳು.

"ಅಪ್ಪಾ, ದೇರ್ಸ್ ಎ ಲೇಡಿ ಬೈ ದ ಮೇಲ್‌ಬಾಕ್ಸ್. ಶೂ ಇಲ್ಲ ಅವಳಿಗೆ."

ಮೇಲ್‌ಬಾಕ್ಸಿನ ಹತ್ತಿರ ಯಾರೂ ಇರಲಿಲ್ಲ. ದೇವೇಂದ್ರ ಪರದೆ ಎಳೆದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ಅವನದು. ನಾಳೆ ನಕ್ಷೆ ಕಳಿಸಿ ಆಮೇಲೆ ಹೋದರಾಯಿತು ಎಂದುಕೊಂಡ. ಆದರೆ ಎರಡನೆಯ ಸಂಜೆ ಇದು ಎಂಬ ಲೆಕ್ಕ ಅವನ ಎದೆಯೊಳಗೆ ತಾನಾಗಿಯೇ ನಡೆದಿತ್ತು.

ಗುರುವಾರ ನಕ್ಷೆ ಕಳಿಸಿ ಕೂತಿದ್ದಾಗ, ನಾಲ್ಕೂವರೆಗೆ, ಭಾನುಪ್ರಿಯಾಳ ಫೋನ್ ಬಂತು. ನವೆಂಬರಿನ ಬೆಳಕು ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು.

"ರೀ, ಬಸ್ ಬಂದು ಹೋಯ್ತು. ಗಗನಾ ಒಳಗೆ ಬಂದಿಲ್ಲ. ಡೋರ್‌ಬೆಲ್ ಕ್ಯಾಮೆರಾ ನೋಡ್ರೀ... ನಂಗೆ ನೋಡಕ್ಕಾಗ್ತಿಲ್ಲ."

ಅವನು ನೋಡಿದ. ಮಗಳು ಬಸ್ಸಿನಿಂದ ಇಳಿಯುತ್ತಾಳೆ. ಮೇಲ್‌ಬಾಕ್ಸಿನ ಹತ್ತಿರ ಕೂತು ಶೂ ಬಿಚ್ಚಿ ಜೋಡಿಸಿ ಇಡುತ್ತಾಳೆ. ಎದ್ದು ಬಲಗೈ ಮೇಲೆತ್ತುತ್ತಾಳೆ, ದೊಡ್ಡವರ ಕೈ ಹಿಡಿಯುವಷ್ಟು ಎತ್ತರಕ್ಕೆ. ಬೆರಳುಗಳು ಮಡಿಚಿಕೊಳ್ಳುತ್ತವೆ. ಪಕ್ಕದಲ್ಲಿ ಯಾರೂ ಇಲ್ಲ. ಹಾಗೇ ಕೈ ಎತ್ತಿಕೊಂಡು, ಮಾತಾಡುತ್ತಾ, ರಸ್ತೆಯ ತುದಿಗೆ ನಡೆದುಹೋಗುತ್ತಾಳೆ.

ವಿಕ್ಸಮ್ ಹದಿಮೂರು ಮೈಲಿ. ಆರು ವರ್ಷದ ಕೂಸು ನಡೆಯುವ ದಾರಿಯಲ್ಲ. ಆದರೂ ದೇವೇಂದ್ರ ಕಾರು ಓಡಿಸಿದ್ದು ಅಲ್ಲಿಗೇ. ಪೊಲೀಸರಿಗೆ ಭಾನುಪ್ರಿಯಾ ಹೇಳಿದಳು. ಅವನು ಮಾತ್ರ ಎಲ್ಲಿ ಹುಡುಕಬೇಕೆಂದು ಯಾರನ್ನೂ ಕೇಳಲಿಲ್ಲ. ಕಾರಿನ ತುಂಬ ಅದೇ ವಾಸನೆ. ಅಗೆದ ಮಣ್ಣು. ಒದ್ದೆ ಬೂದಿ. ಕಿವಿಯಲ್ಲಿ ಅದೇ ಸದ್ದು. ಟಕ್. ಟಕ್.

ಗೇಟು ತೆರೆದಿತ್ತು. ಮಿಸ್ ಅರ್ಲೀನ್ ಲಾಟೀನು ಹಿಡಿದು ಕಂಬದ ಪಕ್ಕ ನಿಂತಿದ್ದರು. ಅವನನ್ನು ಕಂಡು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಒಳಗಿದ್ದಾಳೆ. ಹಿಂದಿನ ಬೇಲಿ ದಾಟಿ, ಹುಲ್ಲಿನಲ್ಲಿ. ಫೀಬಿಯನ್ನು ನೀನೇ ಕೇಳಬೇಕು, ನನ್ನ ಕೈಲಿ ಮಗುವನ್ನು ಎತ್ತಲಾಗಲಿಲ್ಲ."

ಅವನು ಪಾರ್ಕಿಂಗ್ ಎಳೆದ ಜಾಗ. ಮಂಜು ಕಟ್ಟಿದ ಹುಲ್ಲಿನ ನಡುವೆ ಗಗನಾ ಬರಿಗಾಲಲ್ಲಿ ಕೂತಿದ್ದಳು. ಮಡಿಲಲ್ಲಿ ಒಡೆದ ಬಟ್ಟಲು. ಬೆನ್ನ ಹಿಂದೆ ಯಾರೋ ಕೂತು ಹೆಣೆದ ಹಾಗೆ, ಅವಳ ಬಿಚ್ಚುಗೂದಲು ಸಣ್ಣ ಸಣ್ಣ ಜಡೆಗಳಾಗಿತ್ತು. ದೇವೇಂದ್ರ ಎತ್ತಲು ಹೋದ. ಮೇಲೇಳಲಿಲ್ಲ. ಕಲ್ಲಿನಷ್ಟು ಭಾರ. ಮತ್ತೆ ಎಳೆದ. ಇಲ್ಲ.

ಅವನು ಮಂಡಿಯೂರಿದ. ಅಳು ತಡೆಯಲಿಲ್ಲ. "ತಪ್ಪಾಯ್ತಮ್ಮಾ. ಬರ್ತೀನಿ ಅಂದು ಬರ್ಲಿಲ್ಲ. ಇಲ್ಲಿ ಮಕ್ಕಳಿದ್ದಾರೆ ಅಂತ ಹೇಳಿದ್ರೂ ಗೆರೆ ಎಳ್ದೆ. ಅಳಿಸ್ತೀನಿ. ಒಂದು ಕಾರೂ ಇಲ್ಲಿ ನಿಲ್ಲಲ್ಲ. ನನ್ನ ಮಗೂನ ಕೊಡಮ್ಮಾ." ಫೋನ್ ತೆಗೆದು, ಕಳಿಸಿದ್ದ ನಕ್ಷೆಯನ್ನು ಹಿಂದಕ್ಕೆ ಕೇಳಿ ಬರೆದ. ಕೆಲಸ ಹೋಗುತ್ತದೆಂದು ಗೊತ್ತಿತ್ತು. ಹೋಗಲಿ.

ಹುಲ್ಲಿನ ಮೇಲೆ ಯಾರೋ ಎದ್ದ ಸಪ್ಪಳ. ಮಗಳು ಹಗುರಾದಳು.

"ಈಗ ಬಾಯಿ ಮುಚ್ಚು," ಎಂದು ಪಿಸುಗುಟ್ಟಿದರು ಮಿಸ್ ಅರ್ಲೀನ್. "ಎತ್ತಿಕೊಂಡು ನಡೆ. ಒಂದೇ ಒಂದು ಮಾತು ಬೇಡ."

ಅವನು ನಡೆದ. ತುಟಿ ಕಚ್ಚಿದ. ರಕ್ತದ ರುಚಿ. ಹಿಂದೆ ಹೆಜ್ಜೆ. ನೋಡಲಿಲ್ಲ. ಕಲ್ಲು. ಬಟ್ಟಲು. ಕಲ್ಲು. ಹಿಂದೆ ಹೆಜ್ಜೆ. ಗೇಟು. ದಾಟಿದ. ಹೆಜ್ಜೆ ನಿಂತಿತು. ಉಸಿರು ಬಿಟ್ಟ. ಗೆದ್ದೆ. ಒಂದು ಮಾತೂ ಆಡಲಿಲ್ಲ.

ಗಗನಾ ಅವನ ಹೆಗಲ ಮೇಲಿಂದ ತಲೆ ಎತ್ತಿ, ಹಿಂದಕ್ಕೆ ಕೈ ಬೀಸಿ, ಹೊರಡುವಾಗ ಏನನ್ನಬೇಕೆಂದು ಅಪ್ಪ ಒಂದು ವರ್ಷ ಕಲಿಸಿದ್ದನೋ ಅದನ್ನು ಅಂದಳು. ಟೀ ಅಲ್ಲ, ತೀ. ಸ್ಪಷ್ಟವಾದ ಕನ್ನಡ.

"ಬರ್ತೀನಿ."

ಮಿಸ್ ಅರ್ಲೀನರ ಕೈಯಿಂದ ಲಾಟೀನು ಬಿತ್ತು.

"ಡಿಡ್ ಐ ಸೇ ಇಟ್ ರೈಟ್, ಅಪ್ಪಾ?"

ಅವನು ಬಾಯಿ ತೆರೆಯುವ ಮೊದಲೇ ಗೇಟಿನ ಒಳಗಿನಿಂದ, ಮನೆಯಲ್ಲಿ ಉಳಿದವರು ಬಾಗಿಲಲ್ಲಿ ನಿಂತು ಹೇಳುವಷ್ಟೇ ಅಕ್ಕರೆಯಿಂದ, ಹೆಂಗಸೊಬ್ಬಳ ದನಿ ಉತ್ತರ ಕೊಟ್ಟಿತು.

"ಹೂಂ, ಬಾ."