ಮಳೆಗಾಲಕ್ಕೆ ಮುಚ್ಚಿಟ್ಟ ಕಾರು

"ಟೀಚರೇ, ಎಂತಾದ್ರೂ ಮಾಡಿ. ಸಂಜೆ ಪೊಲೀಸ್ ಕಂಪ್ಲೇಂಟ್ ಆದ್ರೆ ನನ್ನ ಕೆಲ್ಸ ಹೋದಂಗೇ."

ನರೇಶ ಜಗುಲಿಯಲ್ಲಿ ನಿಂತು ಹೀಗೆಂದಾಗ ನಾನು ವನಮಾಲಾ ಟೀಚರಿಗೆ ಚಹಾ ಸೋಸುತ್ತಿದ್ದೆ. ಹೊನ್ನಾವರದಲ್ಲಿ ಏನು ಕಳವಾದರೂ ಜನ ಮೊದಲು ಹುಡುಕಿ ಬರುವುದು ಈ ನಿವೃತ್ತ ವಿಜ್ಞಾನ ಶಿಕ್ಷಕಿಯನ್ನು. ಪಕ್ಕದ ಮನೆಯ ದೀಪಾ, ಅಂದರೆ ನಾನು, ಸ್ಕೂಟರ್ ಸಮೇತ ಅವರ ಬಾಲ.

ನರೇಶ ಕುಮಟಾದ ಮೆಕ್ಯಾನಿಕ್. ಐಸ್ ಫ್ಯಾಕ್ಟರಿಯ ಮಧುಸೂದನರು ತರಿಸಿದ್ದ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರನ್ನು ನೋಡಿಕೊಳ್ಳುತ್ತಿದ್ದವನು. ಅಂಥ ಕಾರು ಜಗತ್ತಿನಲ್ಲೇ ಎಪ್ಪತ್ತು ಮಾತ್ರ. ಮಳೆಗಾಲಕ್ಕೆಂದು ಜೂನ್‌ನಲ್ಲಿ ಹೊಳೆಯಾಚೆಯ ಕಾಸರಕೋಡಿನ ಶೆಡ್ಡಿಗೆ ಹಾಕಿದ್ದು, ಸೆಪ್ಟೆಂಬರಿನಲ್ಲಿ ಚಾಲೂ ಆಗಲಿಲ್ಲ. ಅಡಿಯ ವಯರುಗಳ ಹೊದಿಕೆ ಮೆತ್ತಗಾಗಿ ಕಳಚಿತ್ತು. ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ನರೇಶನ ಬಳಿ ಮತ್ತು ಮೊದಲು ದೋಣಿ ಕೆಲಸದಲ್ಲಿದ್ದ ಕಾವಲಿನ ಲಿಂಗಪ್ಪನ ಬಳಿ. "ಈ ರಸ್ತೆಗೆ ಇಂಥ ಕಾರು ಯಾಕೆ?" ಎಂದು ಮಧುಸೂದನರೊಡನೆ ನರೇಶ ಜಗಳವಾಡಿದ್ದು ಎಲ್ಲರಿಗೂ ನೆನಪಿತ್ತು; ಅನುಮಾನ ಅವನ ಮೇಲೆಯೇ ಬಿತ್ತು.

ಶೆಡ್ಡಿಗೆ ಹೋದದ್ದೇ ಟೀಚರ್ ಅರವತ್ತೈದರ ವಯಸ್ಸಿನಲ್ಲೂ ಗೋಣಿ ಹಾಸಿ ಕಾರಿನಡಿ ಮಲಗಿದರು.

"ಕಪ್ಪು ಅಂಟು. ಬೋಲ್ಟಿನ ಸಂದೂ ಬಿಡದೆ ಬ್ರಷ್ಷಿನಲ್ಲಿ ಬಳಿದಿದ್ದಾರೆ. ಹಾಳು ಮಾಡೋರು ಇಷ್ಟು ಚೆಂದ ಬಳಿತಾರೇನೇ ದೀಪಾ?"

ಲಿಂಗಪ್ಪ ನಮಗೆ ಎಳನೀರು ಕೊಟ್ಟ. ಅವನ ಅಂಗೈಯ ಚರ್ಮ ಕಪ್ಪಾಗಿ ಸುಲಿದಿತ್ತು. ನಾನು ಯಾವುದೋ ಹುಣ್ಣು ಎಂದುಕೊಂಡೆ. ಅವನು ಕಾರಿನ ಧೂಳನ್ನು ಹೆಗಲ ಪಂಚೆಯಿಂದಲೇ ಒರೆಸುತ್ತಿದ್ದ.

ನಾಲ್ಕಕ್ಕೆ ಟೀಚರ್ ಎಲ್ಲರನ್ನೂ ಶೆಡ್ಡಿಗೆ ಕರೆಸಿದರು. ಫ್ಯಾಕ್ಟರಿಯ ಕೆಲಸದವರೂ ಬಾಗಿಲಲ್ಲಿ ನೆರೆದರು.

"ಇದು ಗೇರುಬೀಜದ ಸಿಪ್ಪೆಯ ಎಣ್ಣೆ," ಎಂದರು ಟೀಚರ್. "ಮರ ಕೊಳೆಯದಂತೆ ದೋಣಿಯ ಅಡಿಗೆ ಬಳಿಯುವುದು. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ವಯರಿನ ಹೊದಿಕೆಯನ್ನೂ ತಿನ್ನುತ್ತದೆ. ಇದು ಗೊತ್ತಿರುವ ನರೇಶ ಕಾರಿನ ರಕ್ಷಣೆಗೆಂದು ಇದನ್ನು ಬಳಿಯುವವನಲ್ಲ, ಅವನ ಕೈಯೂ ಸ್ವಚ್ಛ ಇದೆ. ದೋಣಿ ರಿಪೇರಿ ಮಾಡುತ್ತಿದ್ದವರು ಇಲ್ಲಿ ಒಬ್ಬರೇ. ಲಿಂಗಪ್ಪ, ಕೈ ತೋರಿಸು."

ಲಿಂಗಪ್ಪ ಸಂಕೋಚವಿಲ್ಲದೆ ಎರಡೂ ಕೈ ಚಾಚಿದ. ಆಮೇಲೆ ಅವನಿಗೆ ಅರ್ಥವಾಯಿತು.

"ಉಪ್ಪುಗಾಳಿಗೆ ತುಕ್ಕು ಹಿಡೀತದಲ್ರಾ ಒಡೆಯರೆ... ದೋಣಿಗೆ ಹಚ್ಚಿದಂಗೇ ಎರಡು ಸಲ ಹಚ್ಚಿದೆ, ಜೂನಲ್ಲೊಮ್ಮೆ, ಮೊನ್ನೆ ಇನ್ನೊಮ್ಮೆ. ನಾನೇ ಕೊಂದೆನಾ ಇದನ್ನ?"

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಮಧುಸೂದನರು, "ಹೋಗ್ಲಿ ಬಿಡೋ," ಎಂದರು. ನರೇಶ ಅವನ ಭುಜ ಹಿಡಿದ. ಲಿಂಗಪ್ಪ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ಹೊರಟವನು, ಹೇಳಿಕಳಿಸಿದರೂ ಕೆಲಸಕ್ಕೆ ಮರಳಲಿಲ್ಲ.

"ಅವನೊಬ್ಬನನ್ನೇ ಮೊದಲು ಕೇಳಬಹುದಿತ್ತು," ಎಂದರು ಟೀಚರ್, ಮನೆಗೆ ಬಂದ ಮೇಲೆ. "ನನಗೆ ಎಲ್ಲರೆದುರು ಹೇಳುವ ಚಟ."

ಶೆಡ್ಡಿನಲ್ಲಿ ಎಲ್ಲರಿಗೂ ಕುರ್ಚಿ ಹಾಕಿದವಳು ನಾನೇ.